ವ್ಯಾಕ್ಯೂಮ್ ಇನ್ಫ್ಯೂಷನ್ ಸೆಟಪ್: ದೊಡ್ಡ ಪಂಪ್ ತಗೊಂಡ್ರೆ ಸರಿ ಹೋಗತ್ತಾ?

ಫೈಬರ್‌ಹುಚ್ಚು:

ಎಲ್ರಿಗೂ ನಮಸ್ಕಾರ. ಹ್ಯಾಂಡ್ ಲೇಅಪ್ (ಅಚ್ಚಿನ ಮೇಲೆ ಗ್ಲಾಸ್ ಮ್ಯಾಟ್ ಹಾಕಿ ಬ್ರಷ್ಷಲ್ಲಿ ರೆಸಿನ್ ಬಳಿಯೋದು) ಚೆನ್ನಾಗೇ ಅಭ್ಯಾಸ ಇದೆ, ಆದ್ರೆ ಅದೇ ಅಚ್ಚು ಅದೇ ಮ್ಯಾಟು ಇಟ್ಕೊಂಡು ಮಾಡಿದ್ರೂ ಒಂದೊಂದು ಪಾರ್ಟು ಒಂದೊಂದು ತೂಕ ಬರತ್ತೆ, ರೆಸಿನ್ನಲ್ಲಿರೋ ಸ್ಟೈರೀನ್ ವಾಸನೆಗೆ ತಲೆನೋವು ಬೇರೆ. ಅದಕ್ಕೆ ಈಗ ಇನ್ಫ್ಯೂಷನ್‌ಗೆ ಹೋಗೋಣ, ಅಂದ್ರೆ ಒಣ ಗ್ಲಾಸ್ ಬಟ್ಟೆ ಮೇಲೆ ಪ್ಲಾಸ್ಟಿಕ್ ಬ್ಯಾಗ್ ಮುಚ್ಚಿ, ಗಾಳಿ ಎಳ್ದು, ಆ ಎಳೆತಕ್ಕೇ ರೆಸಿನ್ ಒಳಗೆ ಹರ್ಸೋಣ ಅಂತ ಸೆಟಪ್ ಮಾಡ್ತಿದೀನಿ.

ಪಾರ್ಟ್ ಏನಂದ್ರೆ ದೋಣಿ ಡೆಕ್ಕಿನ ಹ್ಯಾಚ್ ಮುಚ್ಚಳ. 1.5 ಮೀಟರ್ ಉದ್ದ, 1 ಮೀಟರ್ ಅಗಲ, ಸುತ್ತ 40 ಮಿಮೀ ಅಂಚು ಮಡಚಿದೆ. ಲೇಅಪ್ ಸಿಂಪಲ್: ಹೊರಗಡೆ ಚದರ ಮೀಟರಿಗೆ 600 ಗ್ರಾಂ ತೂಗೋ ಬಯಾಕ್ಸಿಯಲ್ (ಎರಡು ದಿಕ್ಕಿಗೆ ಎಳೆ ಇರೋ) ಗ್ಲಾಸ್ ಎರಡು ಲೇಯರ್, ಮಧ್ಯ 10 ಮಿಮೀ ಪಿವಿಸಿ ಫೋಮ್, ಒಳಗಡೆ ಮತ್ತೆ ಎರಡು ಲೇಯರ್. ಅಚ್ಚು ನಾನೇ ಮಾಡಿದ್ದು, ಫೈಬರ್‌ಗ್ಲಾಸ್‌ದೇ, ಸುತ್ತ ಒಂದು ಗೇಣಿನಷ್ಟು ಫ್ಲೇಂಜ್ (ಬ್ಯಾಗ್ ಅಂಟ್ಸೋ ಚಪ್ಪಟೆ ಅಂಚು) ಇದೆ.

ಪಂಪು ಎಸಿ ರಿಪೇರಿಯವ್ರು ಬಳಸೋ ಎರಡು ಸ್ಟೇಜಿನ ಆಯಿಲ್ ಪಂಪು, ನಿಮಿಷಕ್ಕೆ 70 ಲೀಟರ್ ಅಂತ ಮೇಲೆ ಬರ್ದಿದೆ. ರೆಸಿನ್ ಪಂಪಿಗೆ ಹೋಗದ ಹಾಗೆ ಮಧ್ಯದಲ್ಲೇ ಹಿಡಿಯೋ ಕ್ಯಾಚ್ ಪಾಟ್ ಇದೆ, ಅದ್ರ ಮೇಲೆ ಗೇಜ್ ಇದೆ. ಫೈಬರ್ರು ಫೋಮು ಎಲ್ಲಾ ಹಾಕಿ ಬ್ಯಾಗ್ ಮಾಡಿ ರೆಸಿನ್ ಇಲ್ದೆ ಬರೀ ಗಾಳಿ ಎಳ್ದು ನೋಡ್ದೆ. ಪಂಪ್ ಓಡ್ತಿರೋವಾಗ ಮುಳ್ಳು ಚೆನ್ನಾಗೇ ಕೆಳಗಿರತ್ತೆ, ವಾಲ್ವ್ ಮುಚ್ಚಿದ ತಕ್ಷಣ ಐದು ನಿಮಿಷಕ್ಕೆ ಸುಮಾರು 60 ಮಿಲಿಬಾರ್ ವಾಪಸ್ ಏರ್ಬಿಡತ್ತೆ.

ನನ್ ಪ್ರಶ್ನೆ ಇಷ್ಟು. ಪಂಪ್ ಹೆಂಗೂ ರೆಸಿನ್ ಗಟ್ಟಿ ಆಗೋವರ್ಗೂ ಓಡ್ತಾನೇ ಇರತ್ತಲ್ಲಾ, ಹಾಗಿದ್ಮೇಲೆ ಸಣ್ಣ ಲೀಕ್ ಇದ್ರೆ ಏನು ತೊಂದ್ರೆ, ಇನ್ನೂ ದೊಡ್ಡ ಪಂಪ್ ಹಾಕಿದ್ರೆ ಅದೇ ಎಳ್ಕೊಳಲ್ವಾ? ಎರಡನೇದು, ರೆಸಿನ್ ಎಲ್ಲಿಂದ ಬಿಡ್ಬೇಕು ಗಾಳಿ ಎಲ್ಲಿಂದ ಎಳೀಬೇಕು, ವಿಡಿಯೋಗಳಲ್ಲಿ ಒಬ್ಬೊಬ್ರು ಒಂದೊಂದು ಥರ ಮಾಡ್ತಾರೆ, ತಲೆ ಕೆಟ್ಟೋಗಿದೆ.

ಮಿಲಿಬಾರ್:

ಪಂಪ್ ವಿಷ್ಯ ಮೊದ್ಲು ಮುಗ್ಸೋಣ. ನಿಮ್ ಪಂಪು ಸಾಕು, ಸಾಕಷ್ಟೇ ಅಲ್ಲ ಜಾಸ್ತೀನೇ ಆಯ್ತು. ಇನ್ಫ್ಯೂಷನ್ನಿಗೆ ನಿಮಿಷಕ್ಕೆ ಎಷ್ಟು ಲೀಟರ್ ಅನ್ನೋದು ಬ್ಯಾಗಿಂದ ಮೊದಲ ಗಾಳಿ ತೆಗಿಯೋ ಹೊತ್ತಿಗೆ ಮಾತ್ರ ಉಪಯೋಗಕ್ಕೆ ಬರೋದು, ಆಮೇಲೆ ಅದು ಸುಮ್ನೆ ತಿರುಗ್ತಾ ಕೂತಿರತ್ತೆ.

ಈಗ ನಿಮ್ಮ 60 ಮಿಲಿಬಾರ್ ಲೆಕ್ಕ ನೋಡಿ. ಬ್ಯಾಗು, ಪಾಟು, ಪೈಪು ಎಲ್ಲಾ ಸೇರಿ ಖಾಲಿ ಜಾಗ 10 ಲೀಟರ್ ಅಂತಿಟ್ಕೊಳಿ. ಐದು ನಿಮಿಷಕ್ಕೆ 60 ಅಂದ್ರೆ ನಿಮಿಷಕ್ಕೆ 12 ಮಿಲಿಬಾರ್, 10 ಲೀಟರ್ ಜಾಗದಲ್ಲಿ ಅದು ಹೊರಗಿನ ಗಾಳಿ ಲೆಕ್ಕದಲ್ಲಿ ನಿಮಿಷಕ್ಕೆ ಸುಮಾರು 0.12 ಲೀಟರ್. 70 ಲೀಟರ್ ಪಂಪಿಗೆ ಇದು ಲೆಕ್ಕಕ್ಕೇ ಇಲ್ಲ, ಅದಕ್ಕೇ ಓಡೋವಾಗ ಗೇಜ್ ಮುದ್ದಾಗಿ ಕಾಣ್ಸೋದು. ಆದ್ರೆ ಒಂದು ಗಂಟೆಗೆ ಏಳು ಲೀಟರ್ ಗಾಳಿ ಒಳಗೆ ಬಂತು ಅಂತಾಯ್ತಲ್ಲ, ಅದು ಪಂಪ್ ತಲುಪೋಕೆ ಯಾವ ದಾರೀಲಿ ಹೋಗತ್ತೆ? ನಿಮ್ಮ ಲ್ಯಾಮಿನೇಟ್ (ರೆಸಿನ್ ಹೀರಿದ ಗ್ಲಾಸ್ ಪದರ) ಮಧ್ಯದಿಂದ, ಒದ್ದೆ ರೆಸಿನ್ ಸೀಳ್ಕೊಂಡು. ಅದೂ ಒಳಗಡೆ ಒತ್ತಡ 50 ಮಿಲಿಬಾರ್ ಇದ್ರೆ ಅದೇ ಗಾಳಿ ಇಪ್ಪತ್ತು ಪಟ್ಟು ಉಬ್ಬಿರತ್ತೆ. ಇನ್ನೂ ದೊಡ್ಡ ಪಂಪ್ ಹಾಕಿದ್ರೆ ಗೇಜು ಇನ್ನೂ ಚೆನ್ನಾಗಿ ಕಾಣತ್ತೆ, ಪಾರ್ಟು ಅಷ್ಟೇ ಹಾಳಾಗತ್ತೆ.

ಲೀಕ್ ಇರೋ ಪಾರ್ಟಲ್ಲಿ ಅದು ಕಣ್ಣಿಗೇ ಕಾಣತ್ತೆ ನೋಡಿ. ರೆಸಿನ್ ಮುಂದೆ ಹೋದ್ಮೇಲೆ ಬ್ಯಾಗ್ ಅಡಿ ಒಂದು ಚುಕ್ಕಿಯಿಂದ ಶುರುವಾಗಿ ಸಣ್ಣ ಸಣ್ಣ ಗುಳ್ಳೆ ಸಾಲಾಗಿ ವ್ಯಾಕ್ಯೂಮ್ ಲೈನ್ ಕಡೆ ಹರೀತಾ ಇರತ್ತೆ, ಹೋಗ್ತಾ ಹೋಗ್ತಾ ಅಗಲ ಆಗತ್ತೆ. ಆ ಸಾಲಿನ ಚೂಪು ತುದಿ ಎಲ್ಲಿದೆಯೋ ಅಲ್ಲೇ ತೂತು. ಆದ್ರೆ ಅಷ್ಟೊತ್ತಿಗೆ ನೋಡಿ ಪ್ರಯೋಜನ ಕಮ್ಮಿ, ಒಣ ಇರೋವಾಗ್ಲೇ ಹಿಡೀಬೇಕು.

ಹಿಡಿಯೋದು ಹೆಂಗೆ ಅಂದ್ರೆ, ಒಟ್ಟಿಗೆ ಎಲ್ಲಾ ಹುಡುಕ್ಬೇಡಿ, ಭಾಗ ಭಾಗ ಮಾಡಿ. ಪಾಟ್‌ಗೂ ಬ್ಯಾಗ್‌ಗೂ ಮಧ್ಯ ಇರೋ ಪೈಪ್ ಮಡಚಿ ಕ್ಲಾಂಪ್ ಹಾಕಿ, ಪಾಟ್ ಒಂದನ್ನೇ ಟೆಸ್ಟ್ ಮಾಡಿ. ಎಷ್ಟೋ ಸಲ ಲೀಕ್ ಇರೋದು ಪಾಟ್ ಮುಚ್ಚಳದಲ್ಲೋ ಗೇಜ್ ಕೂರ್ಸಿರೋ ಥ್ರೆಡ್ಡಲ್ಲೋ, ಜನ ಮಾತ್ರ ಇಡೀ ಬ್ಯಾಗ್ ಟೇಪು ಒತ್ತಿ ಒತ್ತಿ ಬೆರಳು ನೋಯ್ಸ್ಕೊಂಡಿರ್ತಾರೆ. ಪಾಟ್ ನಿಂತ್ರೆ ಮುಂದೆ ಅಚ್ಚು. ಫೈಬರ್ ಏನೂ ಇಲ್ದೆ ಫ್ಲೇಂಜಿಂದ ಫ್ಲೇಂಜಿಗೆ ಬರೀ ಬ್ಯಾಗ್ ಹಾಕಿ ಎಳೀರಿ, ಒಳಗಡೆ ಗಾಳಿ ಓಡಾಡೋಕೆ ಒಂದು ಪಟ್ಟಿ ಮೆಶ್ (ರೆಸಿನ್ ಬೇಗ ಹರೀಲಿ ಅಂತ ಗ್ಲಾಸ್ ಮೇಲೆ ಹಾಸೋ ಪ್ಲಾಸ್ಟಿಕ್ ಬಲೆ) ಇಟ್ರೆ ಸಾಕು. ಹ್ಯಾಂಡ್ ಲೇಅಪ್ ಅಚ್ಚುಗಳಲ್ಲಿ ಜೆಲ್ ಕೋಟ್ (ಮೇಲ್ಮೈಯ ನುಣುಪು ರೆಸಿನ್ ಪದರ) ಪಿನ್‌ಹೋಲ್ ಮೂಲಕ, ಹಿಂದಿನ ಒಣ ಮ್ಯಾಟ್ ಮೂಲಕ ಗಾಳಿ ಬರೋದು ಮಾಮೂಲಿ, ಬ್ರಷ್ಷಲ್ಲಿ ಮಾಡೋವಾಗ ಅದು ಯಾರಿಗೂ ಗೊತ್ತೇ ಆಗಲ್ಲ. ಎಂಡಿಎಫ್ ಮೇಲೆ ಮಾಡೋವ್ರು ಇದ್ರೆ ಅವ್ರಿಗೂ ಹೇಳ್ತಿದೀನಿ, ಎಂಡಿಎಫ್ ಗಾಳಿ ಬಿಡತ್ತೆ, ಸೀಲ್ ಮಾಡ್ದೆ ಹಾಕ್ಬೇಡಿ.

ಮೂರನೇದು ಬ್ಯಾಗ್. ಇಲ್ಲಿ ಮುಖ್ಯ ಕಳ್ಳ ಯಾರು ಗೊತ್ತಾ, ಟ್ಯಾಕಿ ಟೇಪ್ (ಬ್ಯಾಗನ್ನ ಅಚ್ಚಿಗೆ ಅಂಟ್ಸೋ ಮೆತ್ತನೆ ಅಂಟು ಪಟ್ಟಿ) ಅಡಿ ಅಡ್ಡ ಬಿದ್ದಿರೋ ಒಂದೇ ಒಂದು ಗ್ಲಾಸ್ ಎಳೆ. ಆ ಎಳೆ ಒಳಗೆ ನೂರಾರು ಸಣ್ಣ ತಂತು ಇರತ್ತೆ, ಅದ್ರ ಮಧ್ಯ ಗಾಳಿ ಸರಾಗವಾಗಿ ಬರತ್ತೆ, ಮೇಲಿಂದ ಎಷ್ಟು ಒತ್ತಿದ್ರೂ ಹೋಗಲ್ಲ. ಅದಕ್ಕೇ ರಿಲೀಸ್ ಮೇಣ ಹಚ್ಚೋ ಮೊದ್ಲೇ ಫ್ಲೇಂಜ್ ಸುತ್ತ ಮಾಸ್ಕಿಂಗ್ ಟೇಪ್ ಅಂಟ್ಸಿ, ಮೇಣ ಹಚ್ಚಿ, ಫೈಬರ್ ಕತ್ರಿಸಿ ಜೋಡ್ಸಿ ಎಲ್ಲಾ ಆದ್ಮೇಲೆ ಮಾಸ್ಕಿಂಗ್ ಕಿತ್ತು ಆ ಕ್ಲೀನ್ ಜಾಗದಲ್ಲಿ ಟ್ಯಾಕಿ ಟೇಪ್ ಹಾಕೋದು. ಮೇಣದ ಮೇಲೆ ಟ್ಯಾಕಿ ಟೇಪ್ ಹಿಡಿಯಲ್ಲ ಅನ್ನೋ ಸಮಸ್ಯೆನೂ ಅದ್ರಲ್ಲೇ ಮುಗೀತು. ಆಮೇಲೆ ಮಡಿಕೆಗಳ ಬುಡ, ಟೇಪ್ ತುದಿ ತುದಿ ಸೇರೋ ಜಾಗ, ಪೈಪ್ ಒಳಗೆ ಹೋಗೋ ಜಾಗ, ಈ ಮೂರು ನೋಡಿ. ಪೈಪಿಗೆ ಮೊದ್ಲು ಟೇಪ್ ಸುತ್ತಿ ಆಮೇಲೆ ಫ್ಲೇಂಜ್ ಟೇಪ್ ಮೇಲೆ ಕೂರ್ಸಿ ಹಿಸುಕಿ. ಸುತ್ತ ಸದ್ದು ನಿಲ್ಸಿ ಕಿವಿ ಕೊಟ್ರೆ ದೊಡ್ಡ ಲೀಕ್ ಸುಯ್ ಅನ್ನೋದು ಕೇಳತ್ತೆ, ಸಣ್ಣದಕ್ಕೆ ಮೆಕ್ಯಾನಿಕ್ ಸ್ಟೆತಸ್ಕೋಪಿನ ಲೋಹದ ಕಡ್ಡಿ ತೆಗ್ದು ಬರೀ ರಬ್ಬರ್ ಪೈಪ್ ಟೇಪ್ ಗುಂಟ ಓಡಿಸ್ಕೊಂಡು ಹೋಗಿ. ಅಲ್ಟ್ರಾಸಾನಿಕ್ ಲೀಕ್ ಡಿಟೆಕ್ಟರ್ ಇದ್ರಂತೂ ಬಿಡಿ, ಅರ್ಧ ದಿನದ ಕೆಲಸ ಹತ್ತು ನಿಮಿಷಕ್ಕೆ ಬರತ್ತೆ.

ಇನ್ನೊಂದು, ಏರಿಕೆ ಹೆಂಗಿದೆ ಅಂತ ಬರ್ಕೊಳಿ. ಶುರುವಲ್ಲಿ ಜೋರಾಗಿ ಏರಿ ಆಮೇಲೆ ನಿಧಾನ ಆಗ್ತಾ ನಿಂತೋದ್ರೆ ಅದು ಫೋಮು ಬಟ್ಟೆಯಲ್ಲಿರೋ ತೇವ ಆವಿ ಆಗ್ತಿರೋದು, ಇನ್ನೊಂದೆರಡು ಗಂಟೆ ಪಂಪ್ ಓಡ್ಸಿದ್ರೆ ಹೋಗತ್ತೆ. ಒಂದೇ ಸಮ ಏರ್ತಾನೇ ಇದ್ರೆ ಲೀಕ್. ಈ ಸೈಜಿಗೆ 15 ನಿಮಿಷಕ್ಕೆ 10 ಮಿಲಿಬಾರ್ ಒಳಗೆ ಬರೋವರ್ಗೂ ನಾನಂತೂ ರೆಸಿನ್ ಡಬ್ಬ ಮುಚ್ಚಳ ತೆಗಿಯಲ್ಲ.

ಗೇಜ್ ಯಾವ ಥರದ್ದು ನಿಮ್ದು? ಮಾಮೂಲಿ ಮುಳ್ಳಿನ ಗೇಜ್ ಹೊರಗಿನ ಗಾಳಿಗೆ ಹೋಲ್ಸಿ ತೋರ್ಸೋದು, ಸಮುದ್ರ ಮಟ್ಟದಲ್ಲಿ ಹೊರಗಡೆ 1013 ಮಿಲಿಬಾರ್ ಇದ್ರೆ ಎತ್ತರದ ಜಾಗದಲ್ಲಿ 900 ಚಿಲ್ಲರೆನೇ ಇರತ್ತೆ, ಅಲ್ಲಿ ಮುಳ್ಳು ಮೈನಸ್ ಒಂದು ತಲುಪ್ಲಿಲ್ಲ ಅಂತ ಪಂಪಿಗೆ ಬೈದು ಉಪ್ಯೋಗ ಇಲ್ಲ. ಅಬ್ಸಲ್ಯೂಟ್ ಡಿಜಿಟಲ್ ಗೇಜ್ ಒಂದು ತಗೊಳಿ, ದೊಡ್ಡ ಪಂಪಿನ ದುಡ್ಡು ಅದಕ್ಕೆ ಹಾಕಿ.

ರಾಳರಾಯ:

ಲೀಕ್ ಬಗ್ಗೆ ಮೇಲಿನವ್ರು ಹೇಳಿದ್ಮೇಲೆ ನಾನೇನೂ ಸೇರ್ಸಲ್ಲ. ಲೈನ್ ಎಲ್ಲಿ ಹಾಕ್ಬೇಕು ಅನ್ನೋದಕ್ಕೆ ಬರ್ತೀನಿ.

ರೆಸಿನ್ ಹೋಗೋಕೆ ಹಿಡಿಯೋ ಟೈಮು ದೂರದ ವರ್ಗದ ಲೆಕ್ಕದಲ್ಲಿ ಏರತ್ತೆ. ಡಾರ್ಸಿ ನಿಯಮ ಅಂತಾರೆ, ಹೆಸ್ರು ಬಿಡಿ, ಅರ್ಥ ಇಷ್ಟೇ: ಮೊದಲ 25 ಸೆಂಮೀ 3 ನಿಮಿಷಕ್ಕೆ ಹೋದ್ರೆ 50 ಸೆಂಮೀಗೆ 12 ನಿಮಿಷ, 1 ಮೀಟರಿಗೆ 48 ನಿಮಿಷ. ಶುರುವಲ್ಲಿ ಓಡೋದು ನೋಡಿ ಅಯ್ಯೋ ಇಷ್ಟು ಸಲೀಸಾ ಅಂತ ಖುಷಿ ಪಡ್ತಾರೆ, ಅಮೇಲೆ ಕೊನೇ ಒಂದು ಗೇಣು ತೆವಳೋಕೆ ಶುರುವಾದಾಗ ಡಬ್ಬದಲ್ಲಿರೋ ರೆಸಿನ್ ಬಿಸಿ ಆಗ್ತಿರತ್ತೆ. ಅದಕ್ಕೆ ದೂರ ಕಮ್ಮಿ ಮಾಡೋದೇ ಉಪಾಯ. ನಿಮ್ಮ ಹ್ಯಾಚಿಗೆ ಉದ್ದಕ್ಕೂ ಮಧ್ಯದಲ್ಲಿ ಒಂದು ಸ್ಪೈರಲ್ ಟ್ಯೂಬ್ ಹಾಕಿ ಅಲ್ಲಿಂದ ರೆಸಿನ್ ಬಿಡಿ, ಫ್ಲೇಂಜ್ ಮೇಲೆ ಪಾರ್ಟಿನ ಸುತ್ತ ವ್ಯಾಕ್ಯೂಮ್ ರಿಂಗ್ (ಗಾಳಿ ಎಳೆಯೋ ಪೈಪಿನ ಸುತ್ತು) ಹಾಕಿ. ಎರಡೂ ಕಡೆಗೆ ಅರ್ಧ ಮೀಟರ್ ಚಿಲ್ಲರೆ ಹೋದ್ರೆ ಆಯ್ತು. ಮಧ್ಯದ ಲೈನ್ ಪೂರ್ತಿ ತುದಿವರ್ಗೂ ಒಯ್ಬೇಡಿ, ಎರಡೂ ಕಡೆ 40 ಸೆಂಮೀ ಹತ್ರತ್ರ ಬಿಟ್ಟು ನಿಲ್ಸಿ, ಇಲ್ದಿದ್ರೆ ತುದಿ ಅಂಚು ಮೊದ್ಲು ತುಂಬಿ ರಿಂಗ್ ಒಳಗೆ ರೆಸಿನ್ ನುಗ್ಗಿ ಉದ್ದದ ಅಂಚು ಒಣಗೇ ಉಳಿಯತ್ತೆ.

ಸುತ್ತಲಿಂದ ರೆಸಿನ್ ಬಿಟ್ಟು ಮಧ್ಯದಿಂದ ಎಳೆಯೋದೂ ಉಂಟು, ಟೈಮ್ ಇನ್ನೂ ಕಮ್ಮಿ ಆಗತ್ತೆ, ಆದ್ರೆ ಒಂದು ಕಡೆಯ ಅಲೆ ಬೇಗ ಬಂದು ಔಟ್‌ಲೆಟ್ ಮುಚ್ಚಿಬಿಟ್ರೆ ಪಕ್ಕದಲ್ಲಿ ಸಿಕ್ಕಿಬಿದ್ದ ಗಾಳಿಗೆ ಹೋಗೋಕೆ ದಾರೀನೇ ಇರಲ್ಲ. ಹೊಸಬ್ರಿಗೆ ಬೇಡ. ಕಾಗದದ ಮೇಲೆ ಪಾರ್ಟ್ ಬರ್ಕೊಂಡು ಐದೈದು ನಿಮಿಷಕ್ಕೆ ರೆಸಿನ್ ಎಲ್ಲಿರತ್ತೆ ಅಂತ ಗೆರೆ ಎಳೀತಾ ಬನ್ನಿ, ಎಲ್ಲಾದ್ರೂ ಗೆರೆಗಳು ಒಂದು ಜಾಗನ ಸುತ್ತುವರಿದು ಮುಚ್ಕೊಂಡ್ರೆ, ಅಲ್ಲಿ ವ್ಯಾಕ್ಯೂಮ್ ಇಲ್ಲ ಅಂದ್ರೆ ಆ ಪ್ಲಾನ್ ಬಿಟ್ಬಿಡಿ.

ಇನ್ನು ನಿಮ್ಮ ಪಾರ್ಟಲ್ಲಿ ನಿಜವಾದ ತಲೆನೋವು ಫೋಮ್ ಅಂಚು. ನೀರು ತಗ್ಗು ಹುಡುಕೋ ಹಾಗೆ ರೆಸಿನ್ ಸಡಿಲ ಜಾಗ ಹುಡುಕತ್ತೆ. ಫೋಮ್ ನೇರ ಕತ್ರಿಸಿ ಇಟ್ಟಿದ್ರೆ ಅದ್ರ ಬುಡದಲ್ಲಿ ಗ್ಲಾಸ್ ಕೂರಲ್ಲ, ಅಲ್ಲೊಂದು ಸುರಂಗ ಆಗತ್ತೆ, ರೆಸಿನ್ ಅಲ್ಲಿಗೆ ಬಂದಿದ್ದೇ ತಡ ಫೋಮ್ ಸುತ್ತ ಒಂದು ರೌಂಡ್ ಹೊಡ್ದು ರಿಂಗ್ ಸೇರ್ಬಿಡತ್ತೆ, ಇದಕ್ಕೇ ರೇಸ್ ಟ್ರ್ಯಾಕಿಂಗ್ ಅನ್ನೋದು. ಅಂಚನ್ನ 30ರಿಂದ 45 ಡಿಗ್ರಿ ಇಳಿಜಾರು ಮಾಡಿ ಮರಳು ಕಾಗದ ಉಜ್ಜಿ. ಅಚ್ಚಿನ ಮೂಲೆಗಳಲ್ಲಿ ಬ್ಯಾಗು ಸೇತುವೆ ಥರ ನಿಲ್ಲದ ಹಾಗೆ ಫಿಲ್ಮ್ ಧಾರಾಳವಾಗಿ ಬಿಡಿ, ಅಚ್ಚಿನ ಸುತ್ತಳತೆಗಿಂತ ಕಾಲು ಭಾಗ ಜಾಸ್ತಿ, ಮೂಲೆ ಹತ್ರ ಮಡಿಕೆ ಕೊಡಿ. ಪಂಪ್ ಪೂರ್ತಿ ಆನ್ ಮಾಡೋ ಮೊದ್ಲು ಸ್ವಲ್ಪ ಎಳ್ದು ನಿಲ್ಸಿ, ಬೆರಳಲ್ಲಿ ಫಿಲ್ಮ್‌ನ ಮೂಲೆಗಳಿಗೆ ತಳ್ಳಿ, ಆಮೇಲೆ ಪೂರ್ತಿ ಎಳೀರಿ.

ಫೋಮಿಗೆ ತೂತು ಗೀರು ಇದ್ಯಾ? ಸಾದಾ ಶೀಟ್ ಆದ್ರೆ ಕೆಳಗಿನ ಎರಡು ಲೇಯರಿಗೆ ರೆಸಿನ್ ಇಳಿಯಲ್ಲ, ಮೇಲೆ ಮಾತ್ರ ತುಂಬಿ ಕೆಳಗೆ ಒಣಗಿರತ್ತೆ, ಅಚ್ಚಿಂದ ತೆಗೆಯೋವರ್ಗೂ ಗೊತ್ತೇ ಆಗಲ್ಲ. ತೂತೂ ಬೇಕು, ಅಚ್ಚಿನ ಕಡೆ ಮುಖದಲ್ಲಿ ಗೀರೂ ಬೇಕು.

ಮೆಶ್‌ನ ಲ್ಯಾಮಿನೇಟ್ ಅಂಚಿಗಿಂತ ನಾಕೈದು ಸೆಂಮೀ ಮೊದ್ಲೇ ನಿಲ್ಸಿ, ವ್ಯಾಕ್ಯೂಮ್ ರಿಂಗಿಗೂ ಅದಕ್ಕೂ ಮಧ್ಯ ಬರೀ ಪೀಲ್ ಪ್ಲೈ (ಗಟ್ಟಿ ಆದ್ಮೇಲೆ ಕಿತ್ತು ತೆಗೆಯೋ ಬಟ್ಟೆ) ಇರ್ಲಿ. ಮೆಶ್ ಮೇಲ್ಗಡೆ ಓಡೋ ರೆಸಿನ್ನು ಅಡಿಯಲ್ಲಿರೋದಕ್ಕಿಂತ ಯಾವಾಗ್ಲೂ ಮುಂದಿರತ್ತೆ, ಮೆಶ್ ಮುಗಿದ ಕಡೆ ಅದು ಬ್ರೇಕ್ ಹಾಕಿದ ಹಾಗೆ ನಿಧಾನ ಆಗತ್ತೆ, ಅಷ್ಟರಲ್ಲಿ ಅಡಿಯದ್ದು ಬಂದು ಸೇರ್ಕೊಳತ್ತೆ. ಇದನ್ನ ಕಣ್ಣಾರೆ ನೋಡ್ಬೇಕು ಅಂದ್ರೆ ಒಂದು ದಪ್ಪ ಗಾಜಿನ ಹಲಗೆ ಮೇಲೆ ಇದೇ ಲೇಅಪ್ಪಿನ ಸಣ್ಣ ತುಂಡು ಫೋಮ್ ಸಮೇತ ಇನ್ಫ್ಯೂಸ್ ಮಾಡಿ, ಗಾಜಿನ ಅಡಿಯಿಂದ ಟಾರ್ಚ್ ಬಿಟ್ಟು ನೋಡಿ. ತೂತುಗಳ ಹತ್ರ ಮೊದ್ಲು ಒದ್ದೆ ಚುಕ್ಕಿ ಬರತ್ತೆ, ಅವು ದೊಡ್ಡದಾಗ್ತಾ ಒಂದಕ್ಕೊಂದು ಸೇರತ್ತೆ. ಮೇಲೆ ಬ್ಯಾಗ್ ಮೇಲೆ ಮಾರ್ಕರಲ್ಲಿ ನಿಮಿಷಕ್ಕೊಂದು ಗೆರೆ ಹಾಕ್ತಾ ಹೋಗಿ. ಅಲ್ಲಿ ಸಿಗೋ ಟೈಮ್ ಇಟ್ಕೊಂಡು ದೊಡ್ಡ ಪಾರ್ಟಿನ ಲೆಕ್ಕ ಹಾಕೋದು, ವಿಡಿಯೋ ನೋಡಿ ಅಲ್ಲ.

ಫೈಬರ್‌ಹುಚ್ಚು:

ಇಬ್ರಿಗೂ ತುಂಬಾ ಥ್ಯಾಂಕ್ಸ್. ಪಾಟ್ ಒಂದೇ ಟೆಸ್ಟ್ ಮಾಡ್ದೆ, ಅಲ್ಲಾಡ್ಲಿಲ್ಲ. ಅಚ್ಚೂ ಪರ್ವಾಗಿಲ್ಲ. ಬ್ಯಾಗಲ್ಲಿ ಮಿಲಿಬಾರ್ ಹೇಳಿದ್ದು ಅಕ್ಷರಶಃ ಹಂಗೇ ಇತ್ತು, ಒಂದು ಮೂಲೆಯಲ್ಲಿ ಬಯಾಕ್ಸಿಯಲ್‌ನ ಎಳೆ ಟೇಪ್ ಅಡಿ ಹೋಗಿತ್ತು, ಬಿಳಿ ಟೇಪಿನ ಮೇಲೆ ಬಿಳಿ ಎಳೆ, ಟಾರ್ಚ್ ಓರೆಯಾಗಿ ಹಿಡಿದಾಗ್ಲೇ ಕಂಡಿದ್ದು. ತೆಗ್ದು ಮತ್ತೆ ಟೇಪ್ ಹಾಕಿ ರಾತ್ರಿ ಪೂರ್ತಿ ಎಳ್ದು ಬಿಟ್ಟೆ, ಈಗ 15 ನಿಮಿಷಕ್ಕೆ 8 ಮಿಲಿಬಾರ್. ಬೆಳಿಗ್ಗೆ ಪಂಪ್ ಆಯಿಲ್ ಮಾತ್ರ ಮಜ್ಜಿಗೆ ಬಣ್ಣಕ್ಕೆ ತಿರುಗಿದೆ, ಅದು ಸರೀನಾ?

ಫೋಮ್ ಸಾದಾ ಶೀಟೇ ಇತ್ತು. ತೂತು ಗೀರು ಮಾಡ್ತೀನಿ, ಎಷ್ಟು ದೂರ ಎಷ್ಟು ಆಳ?

ಮುಂದಿನ ಪ್ರಶ್ನೆ ರೆಸಿನ್. ನನ್ ಹತ್ರ ಹ್ಯಾಂಡ್ ಲೇಅಪ್ಪಿನ ಪಾಲಿಯೆಸ್ಟರ್ ಡ್ರಮ್ ಅರ್ಧ ಇದೆ, ಅದೇ ಬಳಸ್ಬೋದಾ? ಜೆಲ್ ಕೋಟ್ ಪಾಲಿಯೆಸ್ಟರ್‌ದು. ಎಷ್ಟು ಕೆಜಿ ಕಲಸ್ಬೇಕು ಅನ್ನೋದೂ ಗೊತ್ತಾಗ್ತಿಲ್ಲ.

ಪೀಲ್‌ಪ್ಲೈ_ಪುಟ್ಟಣ್ಣ:

ಆಯಿಲ್ ಬೆಳ್ಳಗಾಗಿದ್ರೆ ನೀರಿನ ಆವಿ ಸೇರಿದೆ ಅಂತ, ಫೋಮು ಬಟ್ಟೆ ಒಣಗಿದ್ದಕ್ಕೆ ಸಾಕ್ಷಿ. ಚೇಂಜ್ ಮಾಡಿ, ಇಲ್ಲಾಂದ್ರೆ ಪಂಪ್ ಮೊದಲಿನಷ್ಟು ಎಳಿಯಲ್ಲ. ಗ್ಯಾಸ್ ಬ್ಯಾಲಸ್ಟ್ ವಾಲ್ವ್ (ಆವಿ ಎಣ್ಣೆಗೆ ಸೇರದ ಹಾಗೆ ಪಂಪಿಗೆ ಸ್ವಲ್ಪ ಗಾಳಿ ಬಿಡೋದು) ಇದ್ರೆ ಮುಂದಿನ ಸಲ ಶುರುವಲ್ಲಿ ಸ್ವಲ್ಪ ಹೊತ್ತು ಅದನ್ನ ತೆಗ್ದಿಟ್ಟು ಓಡ್ಸಿ. ಎಕ್ಸಾಸ್ಟಿಂದ ಎಣ್ಣೆ ಮಂಜು ಬರತ್ತೆ, ಪೈಪ್ ಹಾಕಿ ಹೊರಗಡೆ ಬಿಡಿ, ಉಸಿರಾಡೋಕೂ ಕೆಟ್ಟದ್ದು, ಫೈಬರ್ ಮೇಲೆ ಕೂತ್ರೆ ರೆಸಿನ್ ಹಿಡಿಯಲ್ಲ.

ಫೋಮಿಗೆ 2 ಮಿಮೀ ಅಗಲ 2 ಮಿಮೀ ಆಳ, 20 ಮಿಮೀಗೊಂದು ಗೀರು ಎರಡೂ ದಿಕ್ಕಿಗೆ, ಗೀರು ಗೀರು ಕೂಡೋ ಕಡೆ ಅಲ್ಲಲ್ಲಿ 2 ಮಿಮೀ ತೂತು. ಒಂದು ಮುಖಕ್ಕೆ ಸಾಕು. ಜಾಸ್ತಿ ಗೀರಿದ್ರೆ ಅಷ್ಟೂ ರೆಸಿನ್ ತುಂಬ್ಕೊಳತ್ತೆ, ತೂಕ ಇಳ್ಸೋಕೆ ಫೋಮ್ ಹಾಕಿ ಗೀರಿಗೆ ರೆಸಿನ್ ಕುಡ್ಸೋದು ಯಾವ ನ್ಯಾಯ. ಓದ್ತಿರೋ ಬೇರೆಯವ್ರಿಗೆ: ಥರ್ಮೋಕೋಲ್, ಎಕ್ಸ್‌ಪಿಎಸ್ ಥರದ ಪಾಲಿಸ್ಟೈರೀನ್ ಫೋಮ್ ಮೇಲೆ ಪಾಲಿಯೆಸ್ಟರ್ರೋ ವಿನೈಲ್ ಎಸ್ಟರ್ ಅನ್ನೋ ರೆಸಿನ್ನೋ ಬಿಟ್ರೆ ಅದ್ರಲ್ಲಿರೋ ಸ್ಟೈರೀನಿಗೆ ಫೋಮ್ ಕರಗೇ ಹೋಗತ್ತೆ.

ಡ್ರಮ್ಮಲ್ಲಿರೋ ಪಾಲಿಯೆಸ್ಟರ್ ಬೇಡ. ಹ್ಯಾಂಡ್ ಲೇಅಪ್ ರೆಸಿನ್ನು ನಿಂತ ಗೋಡೆಯಿಂದ ಜಾರಬಾರ್ದು ಅಂತ ಮಂದ ಮಾಡಿರ್ತಾರೆ, ಮೆಶ್ಶಲ್ಲೇ ಸುಸ್ತಾಗಿ ಕೂತ್ಬಿಡತ್ತೆ. ಸ್ಟೈರೀನ್ ಸೇರ್ಸಿ ತೆಳು ಮಾಡ್ತೀನಿ ಅನ್ಬೇಡಿ, ಕುಗ್ಗೋದು ಜಾಸ್ತಿ ಆಗಿ ಫೈಬರ್ ಗುರುತು ಜೆಲ್ ಕೋಟ್ ಮೇಲೆ ಎದ್ದು ಕಾಣತ್ತೆ. ಇನ್ಫ್ಯೂಷನ್‌ಗೇ ಅಂತ ಬರೋ ರೆಸಿನ್ ತಗೊಳಿ, ಡೇಟಾಶೀಟಲ್ಲಿ ವಿಸ್ಕಾಸಿಟಿ (ಎಷ್ಟು ಮಂದ ಅನ್ನೋದು) 100ರಿಂದ 300 ಮಿಲಿಪಾಸ್ಕಲ್ ಸೆಕೆಂಡ್ ಒಳಗಿರ್ಬೇಕು. ನೀರು 1, ಅದಕ್ಕೆ ಹೋಲ್ಸ್ಕೊಳಿ. ಪಾಲಿಯೆಸ್ಟರ್ ಜೆಲ್ ಕೋಟ್ ಇದೆ ಅಂದ್ಮೇಲೆ ಹಿಂದೆ ವಿನೈಲ್ ಎಸ್ಟರ್ ಹೊಂದತ್ತೆ. ಎಪಾಕ್ಸಿ ಹಾಕ್ಬೇಕು ಅಂತಿದ್ರೆ ಎಪಾಕ್ಸಿಗೆ ಹೊಂದೋ ಜೆಲ್ ಕೋಟೇ ಹಾಕಿ, ಪಾಲಿಯೆಸ್ಟರ್ ಜೆಲ್ ಕೋಟಿಗೆ ಎಪಾಕ್ಸಿ ಹಿಡಿಯೋದು ನಂಬೋಕಾಗಲ್ಲ. ಚಾಪ್ಡ್ ಸ್ಟ್ರಾಂಡ್ ಮ್ಯಾಟ್ (ತುಂಡು ಎಳೆಗಳನ್ನ ಅಂಟ್ಸಿ ಮಾಡಿದ್ದು) ಏನಾದ್ರೂ ಸೇರ್ಸೋ ಯೋಚ್ನೆ ಇದ್ರೆ ಅದನ್ನೂ ಎಪಾಕ್ಸಿ ಜೊತೆ ಬಳಸ್ಬೇಡಿ, ಆ ಮ್ಯಾಟಿನ ಅಂಟು ಕರಗೋಕೆ ಸ್ಟೈರೀನೇ ಬೇಕು.

ಎಷ್ಟು ಕೆಜಿ ಅನ್ನೋದಕ್ಕೆ, ಮಡಚಿದ ಅಂಚೂ ಸೇರಿ 1.7 ಚದರ ಮೀಟರ್ ಆಯ್ತು. ನಾಕು ಲೇಯರ್ 600 ಅಂದ್ರೆ ಗ್ಲಾಸೇ 4.1 ಕೆಜಿ. ಇನ್ಫ್ಯೂಷನಲ್ಲಿ ತೂಕದಲ್ಲಿ 65 ಗ್ಲಾಸ್ 35 ರೆಸಿನ್ ಅಂತ ಹಿಡಿದ್ರೆ 2.2 ಕೆಜಿ. ಗೀರುಗಳು ಚದರ ಮೀಟರಿಗೆ 0.4 ಲೀಟರ್, ಅಲ್ಲಿಗೆ ಒಂದು 650 ಗ್ರಾಂ. ಮೆಶ್ ಚದರ ಮೀಟರಿಗೆ ಅರ್ಧ ಕೆಜಿ ಕುಡಿಯತ್ತೆ ಅಂದ್ರೆ ಅಲ್ಲೊಂದು 650. ಪೈಪ್ 10 ಮಿಮೀ ಒಳವ್ಯಾಸದ್ದಾದ್ರೆ ಮೀಟರಿಗೆ 78 ಮಿಲಿ, ಮೂರು ಮೀಟರಿಗೆ ಕಾಲು ಕೆಜಿ. ಡಬ್ಬದ ತಳದಲ್ಲಿ ಉಳಿಯೋದು ಬೇರೆ. ಒಟ್ಟು 4.5 ಕೆಜಿ ಕೈಯಲ್ಲಿರ್ಲಿ. ನೋಡಿ, ಕಲಸಿದ್ರಲ್ಲಿ ಗ್ಲಾಸಿಗೆ ಹೋಗೋದು ಅರ್ಧ ಅಷ್ಟೇ, ಈ ಖರ್ಚನ್ನ ಯಾವ ವಿಡಿಯೋದವ್ನೂ ಹೇಳಲ್ಲ.

4.5 ಕೆಜಿ ಒಂದೇ ಡಬ್ಬದಲ್ಲಿ ಒಟ್ಟಿಗೆ ಕಲಸ್ಬೇಡಿ, ಅದು ತನ್ನ ಬಿಸಿ ತಾನೇ ಏರ್ಸ್ಕೊಂಡು ಹೊಗೆ ಬಿಡತ್ತೆ. ಒಂದೂವರೆ ಕೆಜಿ ಕಲಸಿ ಅಗಲ ಬಾಯಿ ಡಬ್ಬಕ್ಕೆ ಸುರೀರಿ, ಅದು ಮುಕ್ಕಾಲು ಇಳಿಯೋಷ್ಟರಲ್ಲಿ ಮುಂದಿನದ್ದು. ಇನ್‌ಲೆಟ್ ಪೈಪಿನ ತುದಿ ಓರೆಯಾಗಿ ಕತ್ರಿಸಿ, ನೇರ ಕತ್ರಿಸಿದ್ರೆ ಡಬ್ಬದ ತಳಕ್ಕೆ ಕಚ್ಕೊಂಡು ಹರಿವು ನಿಂತೋಗತ್ತೆ. ಅದನ್ನ ಒಂದು ಕೋಲಿಗೆ ಕಟ್ಟಿ ಡಬ್ಬಕ್ಕೆ ಕ್ಲಾಂಪ್ ಮಾಡಿ, ಒಂದು ಕ್ಷಣ ತುದಿ ರೆಸಿನ್ನಿಂದ ಮೇಲೆ ಬಂದ್ರೂ ಒಂದು ಗುಟುಕು ಗಾಳಿ ಒಳಗೆ ಹೋಗತ್ತೆ.

ಎಚ್ಚರಿಕೆ ಒಂದೇ ಹೇಳ್ತೀನಿ ಆದ್ರೆ ಗಟ್ಟಿಯಾಗಿ: ವಿನೈಲ್ ಎಸ್ಟರಿಗೆ ಕೋಬಾಲ್ಟ್ (ಗಟ್ಟಿಯಾಗೋದನ್ನ ಬೇಗ ಮಾಡೋದು) ನೀವೇ ಹಾಕೋದಾದ್ರೆ ಅದನ್ನ ಮೊದ್ಲು ರೆಸಿನ್ನಲ್ಲಿ ಪೂರ್ತಿ ಕಲಸಿ ಆಮೇಲೆ ಎಂಇಕೆಪಿ (ರೆಸಿನ್ ಗಟ್ಟಿ ಮಾಡೋ ಪೆರಾಕ್ಸೈಡ್). ಎರಡೂ ನೇರ ಸೇರಿದ್ರೆ ಸಿಡಿಯತ್ತೆ. ಎಂಇಕೆಪಿ ಕಣ್ಣಿಗೆ ಬಿದ್ರೆ ದೃಷ್ಟಿ ಹೋಗೋಷ್ಟು ಅಪಾಯ, ಕನ್ನಡಕ ಇಲ್ದೆ ಬಾಟಲ್ ಮುಟ್ಬೇಡಿ.

ರಾಳರಾಯ:

ಪುಟ್ಟಣ್ಣ ಹೇಳಿದ್ರಲ್ಲಿ ಒಂದು ಸೇರ್ಸ್ತೀನಿ, ರೆಸಿನ್ ಕಲಸಿದ್ಮೇಲೆ ಡೀಗ್ಯಾಸ್ ಮಾಡಿ, ಅಂದ್ರೆ ಡಬ್ಬನ ವ್ಯಾಕ್ಯೂಮಲ್ಲಿಟ್ಟು ಗಾಳಿ ತೆಗೀರಿ. ಕಲಸೋವಾಗ ಸೇರಿದ ಗಾಳಿ ವ್ಯಾಕ್ಯೂಮಿಗೆ ಹೋದಾಗ ಉಬ್ಬಿ ಲ್ಯಾಮಿನೇಟಲ್ಲೇ ನಿಲ್ಲತ್ತೆ. ಡಬ್ಬ ಕಾಲು ಭಾಗ ಮಾತ್ರ ತುಂಬಿ, ನೊರೆ ಉಕ್ಕಿ ಬರತ್ತೆ. ಎಪಾಕ್ಸಿಗೆ ಇದನ್ನ ಧಾರಾಳವಾಗಿ ಮಾಡ್ಬೋದು. ವಿನೈಲ್ ಎಸ್ಟರಿಗೆ ಸ್ವಲ್ಪ ಹೊತ್ತು, ಅದೂ ಲೈಟಾಗಿ.

ತುಂಬಿದ್ಮೇಲೆ ಇನ್‌ಲೆಟ್ ಕ್ಲಾಂಪ್ ಮಾಡಿ ಪಂಪ್ ಪೂರ್ತಿ ವ್ಯಾಕ್ಯೂಮಲ್ಲೇ ಜೆಲ್ ಆಗೋವರ್ಗೂ ಓಡ್ಲಿ. ಇನ್‌ಲೆಟ್ ತೆಗ್ದೇ ಬಿಟ್ರೆ ಆ ಕಡೆ ಒಳಗೂ ಹೊರಗೂ ಒತ್ತಡ ಸಮ ಆಗಿ ಬ್ಯಾಗು ಒತ್ತಲ್ಲ, ಲೈನ್ ಹತ್ರ ಪಾರ್ಟ್ ದಪ್ಪ ಬರತ್ತೆ.

ಮಿಲಿಬಾರ್:

ಕ್ಲಾಂಪ್ ವಿಷ್ಯ ಒಪ್ದೆ, ಪೂರ್ತಿ ವ್ಯಾಕ್ಯೂಮಲ್ಲೇ ಬಿಡೋದನ್ನ ವಿನೈಲ್ ಎಸ್ಟರಿಗೆ ಒಪ್ಪಲ್ಲ ರಾಯರೇ. 20 ಡಿಗ್ರಿಯಲ್ಲಿ ಸ್ಟೈರೀನಿನ ಆವಿ ಒತ್ತಡ 6-7 ಮಿಲಿಬಾರ್ ಹತ್ರ. ರೆಸಿನ್ ಬಿಸಿ ಆಗಿ 40 ದಾಟಿದ್ರೆ 20ರ ಆಸುಪಾಸು ಬರತ್ತೆ. ಇವ್ರ ಪಂಪು 5 ಮಿಲಿಬಾರ್ ಎಳ್ದು ಕೂತಿದ್ರೆ ಒಳಗೆ ಸ್ಟೈರೀನ್ ಕುದೀತಿರತ್ತೆ, ಲೀಕ್ ಒಂದೂ ಇಲ್ದೇನೂ ಪಾರ್ಟ್ ತುಂಬಾ ಗುಳ್ಳೆ. ಆಮೇಲೆ ಜನ ಲೀಕ್ ಹುಡುಕ್ತಾ ಕೂರ್ತಾರೆ. ತುಂಬಿ ಕ್ಲಾಂಪ್ ಮಾಡಿದ್ಮೇಲೆ ಪಾಟ್ ಮೇಲೆ ಸ್ವಲ್ಪ ಹೊರಗಿನ ಗಾಳಿ ಬಿಡೋ ಒಂದು ಬ್ಲೀಡ್ ವಾಲ್ವಿಂದ 100 ಮಿಲಿಬಾರ್ ಹತ್ರಕ್ಕೆ ತಂದು ನಿಲ್ಸಿ. ಬ್ಯಾಗಿನ ಒತ್ತಡ ಹತ್ತನೇ ಒಂದು ಭಾಗ ಕಮ್ಮಿ ಆಗತ್ತೆ ಅಷ್ಟೇ, ದಪ್ಪದಲ್ಲಿ ಅದು ಗೊತ್ತೂ ಆಗಲ್ಲ.

ರಾಳರಾಯ:

ಸರಿ, ವಿನೈಲ್ ಎಸ್ಟರಿಗೆ ಒಪ್ದೆ. ನಾನು ಮಾಡೋದೆಲ್ಲ ಎಪಾಕ್ಸಿ, ಆ ಲೆಕ್ಕದಲ್ಲೇ ಹೇಳಿದ್ದು.

ಅಂದಹಾಗೆ ಮೆಶ್ ಹಾಕೋ ಈ ಐಡಿಯಾಗೆ 1990ರಲ್ಲಿ ವಿಲಿಯಂ ಸೀಮನ್ ಅಂತ ಅಮೆರಿಕದವ್ರು ಪೇಟೆಂಟ್ ತಗೊಂಡಿದ್ರು, ಸ್ಕ್ರಿಂಪ್ ಅಂತ ಅದ್ರ ಹೆಸ್ರು. ಮೆಶ್ ಇಲ್ದೆ ಬರೀ ಬಟ್ಟೆಯೊಳಗೆ ಎಳಿಯೋದು ನಿಧಾನ, ಇಡೀ ಆಟ ನಿಂತಿರೋದೇ ಆ ಮೆಶ್ ಮೇಲೆ. ಈಗ ಗಾಳಿಯಂತ್ರದ ರೆಕ್ಕೆಗಳನ್ನ ಮಾಡೋದೂ ಹಿಂಗೇ, ಹತ್ತಾರು ಮೀಟರ್ ಉದ್ದದ್ದು, ಅಲ್ಲೂ ರೆಸಿನ್ ಬಿಡೋ ಮೊದ್ಲು ಡ್ರಾಪ್ ಟೆಸ್ಟೇ, ಅಂದ್ರೆ ನೀವು ಮಾಡಿದ ಹಾಗೇ ವಾಲ್ವ್ ಮುಚ್ಚಿ ಒತ್ತಡ ಎಷ್ಟು ಏರತ್ತೆ ನೋಡೋದು.

ಫೈಬರ್‌ಹುಚ್ಚು:

ಕೊನೇ ಪ್ರಶ್ನೆ. ಎಲ್ಲಾ ಮಾಡಿನೂ ಮಧ್ಯದಲ್ಲಿ ಎಲ್ಲೋ ಒಂದು ಕಡೆ ರೆಸಿನ್ ಬರ್ದೆ ಬೆಳ್ಳಗೆ ಉಳೀತು ಅಂದ್ರೆ ಆ ಹೊತ್ತಲ್ಲಿ ಏನ್ ಮಾಡೋದು? ಇನ್ನೂ ರೆಸಿನ್ ಬಿಡ್ತಾನೇ ಇರ್ಬೇಕಾ?

ಮಿಲಿಬಾರ್:

ಮೊದ್ಲು ಯಾವ ಥರದ ಬಿಳಿ ಅಂತ ನೋಡಿ. ಗುಳ್ಳೆ ಹರೀತಿದ್ರೆ ಲೀಕು, ಸಾಲಿನ ಚೂಪು ತುದಿ ಹುಡುಕಿ ಅಲ್ಲಿ ಟ್ಯಾಕಿ ಟೇಪ್ ತುಂಡು ಒತ್ತಿ, ಎಷ್ಟೋ ಸಲ ಹತ್ತು ನಿಮಿಷದಲ್ಲಿ ತುಂಬ್ಕೊಳತ್ತೆ. ಗುಳ್ಳೆ ಇಲ್ಲ, ಅಲೆ ತಾನಾಗೇ ನಿಧಾನವಾಗಿ ಒಳಗೆ ಸರೀತಿದೆ ಅಂದ್ರೆ ಕೈ ಹಾಕ್ಬೇಡಿ, ಕಾಯಿರಿ. ಸುತ್ತಲೂ ಒದ್ದೆ ಆಗಿ ಮಧ್ಯ ಒಣಗಿ ನಿಂತೇಬಿಟ್ಟಿದೆ ಅಂದ್ರೆ ಮಾತ್ರ ಅಲ್ಲಿಗೆ ಇನ್ನೊಂದು ವ್ಯಾಕ್ಯೂಮ್ ಕೊಡ್ಬೇಕು. ಆ ಬಿಳಿ ಜಾಗದ ಮೇಲೆ ಬ್ಯಾಗಿಗೆ ದಪ್ಪಗೆ ಟ್ಯಾಕಿ ಟೇಪ್ ಮುದ್ದೆ ಅಂಟ್ಸಿ, ಅದ್ರ ಮೂಲಕವೇ ದಪ್ಪ ಸೂಜಿ ಓರೆಯಾಗಿ ಚುಚ್ಚಿ, ಸೂಜಿ ಇನ್ನೊಂದು ತುದಿಗೆ ಸಣ್ಣ ಪೈಪ್ ಹಾಕಿ ಪಾಟಿಗೆ ಕೊಡಿ. ಆ ಪೈಪನ್ನ ಪಾಟಿಗೆ ಹಾಕೋಕೆ ಒಂದು ಖಾಲಿ ಫಿಟಿಂಗು ಕ್ಲಾಂಪ್ ಸಮೇತ ಇವತ್ತೇ ಕೂರ್ಸಿಡಿ, ರೆಸಿನ್ ಓಡ್ತಿರೋವಾಗ ಪಾಟ್ ಮುಚ್ಚಳ ತೆಗ್ದು ಫಿಟಿಂಗ್ ಹಾಕೋಕಾಗಲ್ಲ.

ರೆಸಿನ್ ಬಿಡ್ತಾನೇ ಇರೋದ್ರಿಂದ ಏನೂ ಆಗಲ್ಲ, ಅದು ಸುಲಭದ ದಾರಿ ಹಿಡ್ದು ಪಾಟಿಗೆ ಹೋಗಿ ಬೀಳತ್ತೆ. ಪಾಟ್ ಅರ್ಧ ತುಂಬೋಕೆ ಬಿಡ್ಬೇಡಿ, ಒಳಗೊಂದು ಬಿಸಾಕೋ ಪ್ಲಾಸ್ಟಿಕ್ ಡಬ್ಬ ಇಟ್ರೆ ಆಮೇಲೆ ಗಟ್ಟಿಯಾದ ರೆಸಿನ್ ಕೆರೆಯೋ ಕೆಲ್ಸ ಇರಲ್ಲ. ಪಂಪಿಗೆ ರೆಸಿನ್ ಹೋದ್ರೆ ಆ ಪಂಪ್ ಮುಗೀತು.

ಪೀಲ್‌ಪ್ಲೈ_ಪುಟ್ಟಣ್ಣ:

ಮತ್ತೆ ಸೂಜಿ ಚುಚ್ಚೋ ಮೊದ್ಲು ರೆಸಿನ್ ಡಬ್ಬ ಮುಟ್ಟಿ ನೋಡಿ. ಕೈಗೆ ಬಿಸಿ ತಾಗ್ತಿದ್ರೆ ಟೈಮ್ ಆಗಿದೆ ಅಂತ, ಸುಮ್ನೆ ಕ್ಲಾಂಪ್ ಹಾಕಿ ಗಟ್ಟಿ ಆಗೋಕೆ ಬಿಡಿ. ಸಣ್ಣ ಒಣ ಜಾಗ ಆಮೇಲೆ ತೂತು ಕೊರೆದು ಸಿರಿಂಜಲ್ಲಿ ತುಂಬ್ಬೋದು, ಮೇಲೆ ಜನ ಕಾಲಿಡೋ ಹ್ಯಾಚ್ ಆದ್ರಿಂದ ಅಂಗೈಗಿಂತ ದೊಡ್ಡದಿದ್ರೆ ಮಾತ್ರ ಆ ಪಾರ್ಟ್ ಬಳಸ್ಬೇಡಿ.